ಹುಳು ಮನೆಗೆ ಯಾವ ವೈರ್ ಎಳೆಸಬೇಕು?

ಓದುಗರ ಪ್ರಶ್ನೆಗಳಿಗೆ ಚಿಂತಾಮಣಿಯ ವೈರಿಂಗ್ ಮೇಸ್ತ್ರಿಯ ಉತ್ತರ

ಪ್ರಶ್ನೆ: ಅಣ್ಣಾ, ನಾವು ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಯುವವರು. ಹುಳು ಮನೆ ನಮ್ಮ ಮನೆಯಿಂದ 40 ಮೀಟರ್ ದೂರ. ಚಳಿಗಾಲದಲ್ಲಿ ಅಲ್ಲಿ 2000 ವ್ಯಾಟ್‌ನ ಎರಡು ಹೀಟರ್ ರಾತ್ರಿಯೆಲ್ಲಾ ಹಾಕುತ್ತೇವೆ. ಮನೆ ಬೋರ್ಡಿನ 16 ಆಂಪ್ ಎಂಸಿಬಿಯಿಂದ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) 1.5 ಎಂಎಂ ವೈರ್ ಎಳೆದಿದ್ದಾರೆ. ಹೀಟರ್ ಎರಡೇ ಇದ್ದರೆ ತೊಂದರೆ ಇಲ್ಲ. ಬೆಳಗ್ಗೆ ಬಚ್ಚಲಲ್ಲಿ ಅದೇ ಲೈನಿಗೆ ನೀರು ಕಾಯಿಸುವ 1500 ವ್ಯಾಟ್ ಕಾಯಿಲ್ ಹಾಕಿದರೆ ಅರ್ಧ ಗಂಟೆಗೆ ಎಂಸಿಬಿ ಬೀಳುತ್ತೆ. 32 ಆಂಪ್ ಎಂಸಿಬಿ ಹಾಕಿಸಿಬಿಡಿ ಅಂತ ಹೇಳ್ತಿದ್ದಾರೆ. ಹಾಕಿಸಲಾ?

ಉತ್ತರ: ಬೇಡ ಅಕ್ಕಾ. ಈ ಸಂಚಿಕೆ ಕೈಗೆ ಬರುವುದರೊಳಗೆ ಹಾಕಿಸಿದ್ದರೆ ಇವತ್ತೇ ತೆಗೆಸಿ.

ಎಂಸಿಬಿ ಇರುವುದು ಹೀಟರ್ ಕಾಯೋದಕ್ಕಲ್ಲ, ಗೋಡೆಯೊಳಗಿನ ವೈರ್ ಕಾಯೋದಕ್ಕೆ. ಅದಕ್ಕೇ ಮೊದಲು ಲೋಡ್ ಲೆಕ್ಕ ಹಾಕಬೇಕು. ಲೋಡ್ ತಡೆಯುವ ವೈರ್ ಆರಿಸಬೇಕು. ಎಂಸಿಬಿ ಕೊನೆಗೆ, ಅದೂ ವೈರ್ ತಡೆಯೋದಕ್ಕಿಂತ ಕಡಿಮೆ ಆಂಪ್‌ದು.

ಲೆಕ್ಕ ಕಷ್ಟ ಇಲ್ಲ. ವ್ಯಾಟನ್ನು 230ರಿಂದ ಭಾಗಿಸಿ. ನಿಮ್ಮ ಎರಡು ಹೀಟರ್ 4000 ವ್ಯಾಟ್, ಅಂದರೆ 17 ಆಂಪ್ ಚಿಲ್ಲರೆ. ಕಾಯಿಲ್ ಆರೂವರೆ ಆಂಪ್. ಒಟ್ಟು 24ರ ಹತ್ತಿರ. ಪೈಪಿನೊಳಗೆ ಹೋಗುವ 1.5 ಎಂಎಂ ತಾಮ್ರದ ವೈರ್ ತಡೆಯುವುದು ಸುಮಾರು 14 ಆಂಪ್. ಹಾಗಾದರೆ ತೊಂದರೆ ಕಾಯಿಲ್ ಹಾಕಿದಾಗ ಶುರುವಾದದ್ದಲ್ಲ ಅಲ್ವಾ? ಎರಡೇ ಹೀಟರ್ ಇದ್ದಾಗಲೂ ವೈರ್ ಅಳತೆ ಮೀರಿ ಕಾಯುತ್ತಲೇ ಇದೆ. ಎಂಸಿಬಿ ಬೀಳಲಿಲ್ಲ, ಅಷ್ಟೇ. 16 ಆಂಪ್ ಎಂಸಿಬಿ 18 ಆಂಪ್‌ವರೆಗೆ ಒಂದು ಗಂಟೆ ಬೀಳದೆ ನಿಲ್ಲಬೇಕು, 23 ದಾಟಿದರೆ ಒಂದು ಗಂಟೆಯೊಳಗೆ ಬೀಳಬೇಕು. ಅದನ್ನು ತಯಾರಿಸುವುದೇ ಹಾಗೆ. ನಿಮ್ಮದು ಸರಿಯಾಗೇ ಕೆಲಸ ಮಾಡಿದೆ. 1.5 ವೈರ್‌ಗೆ 16 ಆಂಪ್ ಹಾಕಿದ್ದೇ ತಪ್ಪು, 10 ಆಂಪ್ ಇರಬೇಕಿತ್ತು.

ಕರೆಂಟು ಎರಡು ಪಟ್ಟಾದರೆ ವೈರಿನ ಕಾವು ನಾಲ್ಕು ಪಟ್ಟು. 14 ಆಂಪ್ ವೈರಲ್ಲಿ 24 ಹರಿದರೆ ಹತ್ತತ್ತಿರ ಮೂರು ಪಟ್ಟು ಕಾವು. ವೈರ್ ಮೇಲಿನ ಪಿವಿಸಿ 70 ಡಿಗ್ರಿವರೆಗೆ ಮಾತ್ರ. 32 ಆಂಪ್ ಎಂಸಿಬಿ ಹಾಕಿದರೆ ಇದನ್ನು ತಡೆಯುವವರೇ ಇಲ್ಲ.

ಕಳೆದ ಮಾಗಿಯಲ್ಲಿ ಕೈವಾರದ ಹತ್ತಿರ ಒಂದು ಹುಳು ಮನೆಗೆ ಕರೆದಿದ್ದರು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಸೊಪ್ಪು ಜೋರಾಗಿ ತಿನ್ನುತ್ತಿದ್ದವು, ಆ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ಸೊಪ್ಪಿನ ವಾಸನೆ ಜೊತೆ ಮೀನು ಸುಟ್ಟಂಥ ವಾಸನೆ. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದೆ. ಕೆಂಪು ವೈರ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಬಗ್ಗಿಸಿದರೆ ಮೇಲಿನ ಪದರ ಪಟ್ ಅಂತ ಮುರಿದು ಕೈಗೆ ಬಂತು, ಒಳಗಿನ ತಾಮ್ರ ಕಪ್ಪಗಾಗಿತ್ತು. ಅಲ್ಲೂ 1.5 ವೈರ್, 32 ಆಂಪ್ ಎಂಸಿಬಿ. ಎಂಸಿಬಿ ಒಂದು ಸಲವೂ ಬಿದ್ದಿರಲಿಲ್ಲ. ಸಾಕೆಟ್ಟಿನಿಂದ ಒಂದು ಮೊಳ ದೂರದಲ್ಲಿ ಒಣಗಿದ ಕಡ್ಡಿ, ಪೇಪರ್, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಒರಗಿಸಿದ್ದರು. ಆ ಮನೆಯ ಅಜ್ಜಿ ರಾತ್ರಿ ಹುಳುವಿನ ಜೊತೆ ಅಲ್ಲೇ ಮಲಗುತ್ತಿದ್ದರು. ಆ ತುಂಡು ವೈರ್ ಇವತ್ತಿಗೂ ನನ್ನ ಟೂಲ್ ಬ್ಯಾಗಲ್ಲಿದೆ. ಎಂಸಿಬಿ ದೊಡ್ಡದು ಹಾಕಿ ಅನ್ನುವವರ ಕೈಗೆ ಅದನ್ನೇ ಕೊಡುತ್ತೇನೆ.

ಇನ್ನೊಂದು, ದೂರ. 40 ಮೀಟರ್ ಅಂದರೆ ಫೇಸ್ ಹೋಗಿ ನ್ಯೂಟ್ರಲ್ ಬರೋದು ಸೇರಿ 80 ಮೀಟರ್ ತಂತಿ. ಅಷ್ಟುದ್ದ 1.5 ವೈರಲ್ಲಿ ನಿಮ್ಮ ಲೋಡ್‌ಗೆ ಸುಮಾರು 17 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕಾಲು ಕಿಲೋವ್ಯಾಟ್‌ಗಿಂತ ಜಾಸ್ತಿ ಕರೆಂಟು ಹುಳುಗಳನ್ನು ಬಿಟ್ಟು ವೈರನ್ನು ಕಾಯಿಸುತ್ತಿದೆ. ರಾತ್ರಿ 10 ಗಂಟೆ ಲೆಕ್ಕ ಹಿಡಿದರೆ ಎರಡೂವರೆ ಯೂನಿಟ್. ವೋಲ್ಟೇಜ್ ಇಳಿದಿದ್ದಕ್ಕೆ ಎರಡೂ ಹೀಟರ್ ಸೇರಿ ಕೊಡುವುದು 4000 ಅಲ್ಲ, 3400 ವ್ಯಾಟ್ ಚಿಲ್ಲರೆ. ರೂಮ್ ಬೆಚ್ಚಗಾಗಲ್ಲ ಅಂತ ಮೂರನೇ ಹೀಟರ್ ತರಬೇಕು ಅನ್ನಿಸಿದ್ದರೆ ಕಾರಣ ಇದೇ.

ನಾನು ಮಾಡುವುದಾದರೆ ಹೀಗೆ ಮಾಡುತ್ತೇನೆ. ಮನೆ ಮೇನ್ ಬೋರ್ಡಿನಿಂದ ಹುಳು ಮನೆಗೆ ಬೇರೆಯದೇ ಲೈನ್, 6 ಎಂಎಂ ತಾಮ್ರ, ಮನೆ ಕಡೆ 25 ಆಂಪ್ ಎಂಸಿಬಿ. ಆಗ ಇಳಿಯುವುದು ನಾಲ್ಕೂವರೆ ವೋಲ್ಟ್ ಮಾತ್ರ. 4 ಎಂಎಂ ಸಹ ತಡೆಯುತ್ತೆ, ಆದರೆ ರಾತ್ರಿಯೆಲ್ಲಾ ಓಡುವ ಲೋಡಿಗೆ ನಾನು ಅಷ್ಟಕ್ಕಷ್ಟೇ ವೈರ್ ಹಾಕಲ್ಲ. ನೆಲದಲ್ಲಿ ಹೋಗುವುದಾದರೆ ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ ಹಾಕಿಸಿ, ಗುದ್ದಲಿ ಏಟು ಬಿದ್ದೇ ಬೀಳುತ್ತೆ. ಹುಳು ಮನೆಯಲ್ಲಿ ಒಂದು ಚಿಕ್ಕ ಬೋರ್ಡ್. ಅಲ್ಲಿಂದ ಒಂದೊಂದು ಹೀಟರ್‌ಗೂ ಬೇರೆ 2.5 ವೈರ್, ಬೇರೆ 16 ಆಂಪ್ ಎಂಸಿಬಿ, ಬೇರೆ 16 ಆಂಪ್ ಸಾಕೆಟ್. ಲೈಟಿಗೆ 1.5 ವೈರ್, 6 ಆಂಪ್ ಎಂಸಿಬಿ. ಬಚ್ಚಲ ಕಾಯಿಲ್‌ಗೂ ಮನೆ ಬೋರ್ಡಿನಿಂದ 2.5ರ ಸ್ವಂತ ಲೈನ್.

ಹುಳು ಮನೆ ಅಂದ ಮೇಲೆ ಒದ್ದೆ ಸೊಪ್ಪು, ಬ್ಲೀಚಿಂಗ್ ಪುಡಿ ಹಾಕಿ ತೊಳೆದ ನೆಲ, ಬರಿಗಾಲು. ಅದಕ್ಕೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಟ್ಟನೆ ಆಫ್ ಆಗುವ ಸ್ವಿಚ್) ಹಾಕಿಸಲೇಬೇಕು, ಅರ್ತ್ ವೈರ್ ಸಾಕೆಟ್‌ವರೆಗೂ ಬರಲೇಬೇಕು. ಎಂಸಿಬಿ ಇದೆಯಲ್ಲ ಅನ್ನಬೇಡಿ. ಶಾಕ್ ಹೊಡೆಯುವಷ್ಟು ಕರೆಂಟು ಎಂಸಿಬಿಗೆ ಗೊತ್ತೇ ಆಗಲ್ಲ.

ವೈರ್ ಮೇಲೆ ಅಳತೆ ಅಚ್ಚಾಗಿರುತ್ತದೆ, ಎಳೆಯುವ ಮುಂಚೆ ನೀವೇ ಓದಿ. ಕರೆಂಟ್ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತಲೂ ನೋಡಿ. ಹೀಟರ್, ಕಾಯಿಲ್ ಸೇರಿಯೇ ಐದೂವರೆ ಆಯಿತು. ಕಡಿಮೆ ಇದ್ದರೆ ಬೆಸ್ಕಾಂಗೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ಇದೆಲ್ಲಾ ಆಗುವವರೆಗೆ ಆ ಲೈನಿನಲ್ಲಿ ಒಂದೇ ಹೀಟರ್, ಅದು ಹಾಕಿದ್ದಾಗ ಕಾಯಿಲ್ ಬೇಡ.

ಪ್ರಶ್ನೆ: ಒಂದು ಎಚ್‌ಪಿ ನೀರಿನ ಮೋಟಾರ್ ಆನ್ ಮಾಡಿದ ಕ್ಷಣವೇ 10 ಆಂಪ್ ಎಂಸಿಬಿ ಬೀಳುತ್ತೆ. ವೈರ್ 2.5 ಎಂಎಂ. 20 ಆಂಪ್ ಹಾಕಲೇ? (ಬಾಗೇಪಲ್ಲಿಯಿಂದ)

ಉತ್ತರ: ಎಂಸಿಬಿ ಮೇಲೆ 10ರ ಎಡಕ್ಕೆ ಬಿ ಇದೆಯೋ ಸಿ ಇದೆಯೋ ನೋಡಿ. ಮೋಟಾರ್ ಹೊರಡುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಒಂದೆರಡು ಕ್ಷಣ. ಬಿ ಆದರೆ ತನ್ನ ಆಂಪಿನ ಮೂರರಿಂದ ಐದು ಪಟ್ಟಿಗೇ ತಟ್ಟನೆ ಬೀಳುತ್ತದೆ. ಸಿ ಐದರಿಂದ ಹತ್ತು ಪಟ್ಟಿನವರೆಗೆ ತಾಳುತ್ತದೆ. ಬಿ ಇದ್ದರೆ ಅದೇ 10 ಆಂಪಿನ ಸಿ ಹಾಕಿ. ಆಗಲೂ ಬಿದ್ದರೆ ತೊಂದರೆ ಎಂಸಿಬಿಯದ್ದಲ್ಲ. ಕೆಪ್ಯಾಸಿಟರ್ ಹೋಗಿರಬಹುದು, ಪಂಪ್ ಹಿಡಿದುಕೊಂಡಿರಬಹುದು, ಇಲ್ಲ ವೈಂಡಿಂಗ್ ಶಾರ್ಟ್ ಆಗಿರಬಹುದು. ಮೋಟಾರ್ ಬಿಚ್ಚಿಸಿ ತೋರಿಸಿ.

ಪ್ರಶ್ನೆ: ಇಂಡಕ್ಷನ್ ಸ್ಟವ್‌ಗೆ ಕನ್ವರ್ಟರ್ (ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಅಡಾಪ್ಟರ್) ಹಾಕಿ 6 ಆಂಪ್ ಸಾಕೆಟ್ಟಿಗೆ ಕೊಡಬಹುದೇ? (ಗೌರಿಬಿದನೂರಿನಿಂದ)

ಉತ್ತರ: ಕೊಡಬೇಡಿ. 2000 ವ್ಯಾಟ್ ಅಂದರೆ ಸುಮಾರು 9 ಆಂಪ್. 16 ಆಂಪ್ ಸಾಕೆಟ್ ಹಾಕಿಸಿ, ಹಿಂದೆ 2.5 ವೈರ್ ಇದೆಯೋ ಇಲ್ಲವೋ ಮೊದಲು ನೋಡಿಸಿ. ಹಳೇ ವೈರಿಗೇ ದೊಡ್ಡ ಸಾಕೆಟ್ ಕೂರಿಸಿ ಹೋಗುವವರು ಇದ್ದಾರೆ, ಹತ್ತಿರ ನಿಂತು ಮಾಡಿಸಿ.