ಗುಡ್ಡದಾಗ ಸಿಕ್ಕಾಕೊಂಡವ್ರನ್ನ ಇಳಿಸೋ ಕೆಲಸಕ್ಕ ನಾನೂ ಬರ್ಲೇನ್ರಿ?

ಗುಡ್ಡದಾಗ ಕಳೆದುಹೋದವ್ರನ್ನ ಹುಡುಕೋದು, ಬಿದ್ದವ್ರನ್ನ ಇಳಿಸೋದು, ಇದಕ್ಕ ವಾಲಂಟಿಯರ್ ಆಗೋದು ಹೆಂಗ ಅಂತ ನಾಲ್ಕು ಜನ ಓದುಗರು ಕೇಳಿದಾರೆ. ಆನೆಗುಂದಿ ಸುತ್ತಮುತ್ತ ರಾಕ್ ಕ್ಲೈಂಬಿಂಗ್ ಕಲಿಸುತ್ತಾ, ಕರೆ ಬಂದಾಗ ರೆಸ್ಕ್ಯೂಗೂ ಹೋಗೋ ತರಬೇತುದಾರರು ಉತ್ತರ ಕೊಟ್ಟಿದಾರೆ.

ಪ್ರಶ್ನೆ: ನಾನು ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಕೆಲಸ ಮಾಡ್ತೀನಿ, ವಯಸ್ಸು 24. ಹೋದ ತಿಂಗಳು ಸಾಣಾಪುರ ಕಡೆ ಗುಡ್ಡದಲ್ಲಿ ಕಾಲೇಜ್ ಹುಡುಗ ಒಬ್ಬ ಫೋಟೋ ತೆಗೆಸ್ಕೊಳ್ಳೋಕೆ ಗುಂಡುಗಲ್ಲಿನ ಮೇಲೆ ಹತ್ತಿ ಇಳಿಯೋಕಾಗದೆ ಸಿಕ್ಕಾಕೊಂಡಿದ್ದ. ಕೆಳಗೆ ಎಲ್ಲಾರೂ ವಿಡಿಯೋ ಮಾಡ್ತಿದ್ರು, ನಾನೂ ಸುಮ್ನೆ ನಿಂತಿದ್ದೆ, ಏನ್ ಮಾಡ್ಬೇಕು ತಿಳೀಲಿಲ್ಲ. ಕೊನೆಗೆ ಕುರಿ ಕಾಯೋ ಅಜ್ಜ ಒಬ್ರು ಹಿಂದಿನಿಂದ ಹೋಗಿ ಇಳಿಸ್ಕೊಂಡು ಬಂದ್ರು. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ಮೌಂಟೇನ್ ರೆಸ್ಕ್ಯೂ ಟೀಮ್ ಸೇರ್ಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಆ ಅಜ್ಜನಿಂದಾನ ಶುರು ಮಾಡ್ರಿ. ಖರೇನ ಹೇಳ್ತೀನಿ. ನೀವು ನಿಂತಿದ್ದ ಕಡೆಯಿಂದ ನೋಡಿದ್ರ ಆ ಗುಂಡು ಗೋಡಿ ಇದ್ದಂಗ ಕಾಣ್ತಿತ್ತು, ಅಜ್ಜಗ ಅದರ ಬೆನ್ನಿಗೆ ಕುರಿ ಇಳಿಯೋ ದಾರಿ ಐತಿ ಅಂತ ಗೊತ್ತಿತ್ತು, ಅಷ್ಟ ಫರಕು. ನಮ್ಮ ಕಡೆ ಗುಡ್ಡ ಅಂದ್ರ ಹಿಮಾಲಯದಂಗ ಎತ್ತರದ್ದಲ್ಲ, ಗ್ರಾನೈಟ್ ಗುಂಡು ಒಂದರ ಮ್ಯಾಲೊಂದು ಪೇರಿಸಿಟ್ಟಂಗ ಇರ್ತಾವ, ಸಂದಿಯೊಳಗ ಸಂದಿ, ಗವಿಯೊಳಗ ಗವಿ, ಐವತ್ತು ಹೆಜ್ಜಿ ಆಚೆ ಇರೋ ಮನುಷ್ಯ ಕಾಣಂಗಿಲ್ಲ. ಇಲ್ಲಿ ದಾರಿ ಗೊತ್ತಿರೋದು ಹಗ್ಗಕ್ಕಿಂತ ದೊಡ್ಡ ಸಾಮಾನು. ರವಿವಾರ ಬಿಡುವಿದ್ರ ಕುರಿಗಾಹಿಗಳ ಸಂಗಡ ನಾಲ್ಕು ಸಲ ಗುಡ್ಡ ತಿರುಗ್ರಿ, ಯಾವ ಕಡೆ ಕಲ್ಲಿನಾಗ ನೀರು ನಿಲ್ಲೋ ದೊಣಿ ಐತಿ, ಯಾವ ಗವ್ಯಾಗ ಕರಡಿ ಮಲಗ್ತೈತಿ, ಎಲ್ಲಿ ಹೆಜ್ಜೇನು ಕಟ್ಟೈತಿ, ಎಲ್ಲಿ ನಿಂತ್ರ ಫೋನ್ ಸಿಗ್ನಲ್ ಸಿಗ್ತೈತಿ, ಎಲ್ಲಾ ಒಂದು ನೋಟ್‌ಬುಕ್ಕಿನಾಗ ಬರ್ಕೋರಿ.

ಇನ್ನ ಟೀಮ್ ವಿಷಯ. ಮಹಾರಾಷ್ಟ್ರದಾಗ ಸಹ್ಯಾದ್ರಿ ಗುಡ್ಡಗಳಿಗೆ ಲೋಣಾವಳಾದ ಶಿವದುರ್ಗ ಮಿತ್ರದಂಥ ವಾಲಂಟಿಯರ್ ತಂಡ ಅದಾವ, ಅವ್ರೆಲ್ಲಾ ಬ್ಯಾರೆ ಬ್ಯಾರೆ ನೌಕರಿ, ವ್ಯಾಪಾರ ಮಾಡ್ಕೊಂಡಿರೋ ಮಂದಿ, ಕರೆ ಬಂದ್ರ ಎದ್ದು ಹೊಂಟುಬಿಡ್ತಾರ. ಬ್ರಿಟನ್‌ನ್ಯಾಗೂ ಗುಡ್ಡದ ರೆಸ್ಕ್ಯೂ ಬಹಳಷ್ಟು ಸಂಬಳ ಇಲ್ಲದ ವಾಲಂಟಿಯರ್‌ಗಳ ಕೈಯಾಗ ಐತಿ. ನಮ್ಮಲ್ಲಿ ಕರೆ ಹೋಗೋದು ಪೊಲೀಸರಿಗೆ, ಅಗ್ನಿಶಾಮಕ ದಳಕ್ಕ, ದೊಡ್ಡದಾದ್ರ ರಾಜ್ಯದ, ಕೇಂದ್ರದ ವಿಪತ್ತು ಪಡೆ, ಅಂದ್ರ ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್. ಅವ್ರು ಬರೋತನಕ ಮೊದಲನೇ ಎರಡ್ಮೂರು ತಾಸು ಇರ್ತಾವಲ್ಲ, ಅದು ಊರ ಮಂದಿ ಪಾಲಿಗೇ ಬರ್ತೈತಿ.

2022ರ ಫೆಬ್ರುವರಿ ನೆನಪು ಮಾಡ್ಕೋರಿ, ಕೇರಳದ ಮಲಂಪುಳ ಹತ್ರ ಕುರುಂಬಾಚಿ ಗುಡ್ಡದ ಸಂದಿಯಾಗ ಒಬ್ಬ ಹುಡುಗ ಸುಮಾರು 45 ತಾಸು ಊಟ ನೀರಿಲ್ಲದ ಕುಂತಿದ್ದ, ಕೊನೆಗೆ ಸೈನ್ಯದವ್ರು ಹಗ್ಗ ಬಿಟ್ಟು ಎತ್ತಿದ್ರು. ಅದೇ ತಿಂಗಳು ನಮ್ಮ ನಂದಿಬೆಟ್ಟದ ಹತ್ರ ಬ್ರಹ್ಮಗಿರಿಯಾಗ ಒಬ್ಬ ವಿದ್ಯಾರ್ಥಿ ಸುಮಾರು 300 ಅಡಿ ಕೆಳಗ ಬಿದ್ದಾಗ ವಾಯುಪಡೆ ಹೆಲಿಕಾಪ್ಟರ್ ಬರಬೇಕಾಯ್ತು. ಯಲಹಂಕದ ವಾಯುನೆಲೆ ಹತ್ರ ಇತ್ತು, ಬಂತು. ನಮ್ಮ ಗುಡ್ಡಗಳಿಗೆ ಅಷ್ಟು ಲಗೂನ ಹೆಲಿಕಾಪ್ಟರ್ ಎಲ್ಲಿಂದ ಬರಬೇಕು?

ಅದಕ್ಕ ಮೂರು ಕಡೆ ಹೋಗ್ರಿ. ಮೊದಲು ಡಿಸಿ ಆಫೀಸಿನ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. ಅಲ್ಲಿ 'ಆಪದ ಮಿತ್ರ' ತರಬೇತಿ ಬಗ್ಗೆ ಕೇಳ್ರಿ, ಅದು ಕೇಂದ್ರದ ವಿಪತ್ತು ನಿರ್ವಹಣಾ ಪ್ರಾಧಿಕಾರ (ಎನ್‌ಡಿಎಂಎ) 2016ರಾಗ ಶುರು ಮಾಡಿದ್ದು, 12 ದಿನದ ಟ್ರೇನಿಂಗು, ಫಸ್ಟ್ ಏಡ್, ಹುಡುಕೋದು, ಹೊತ್ತೊಯ್ಯೋದು ಎಲ್ಲಾ ಬರ್ತೈತಿ. ಮುಂದಿನ ಬ್ಯಾಚ್ ಯಾವಾಗ ಅಂತ ಅವ್ರ ಹೇಳಬೇಕು, ಹೆಸರು ನಂಬರು ಕೊಟ್ಟು ಬರ್ರಿ. ಎರಡನೇದು ಗೃಹರಕ್ಷಕ ದಳ. ಮೂರನೇದು ನಿಮ್ಮೂರ ಫೈರ್ ಸ್ಟೇಷನ್, ಅಲ್ಲಿ ಸುಮ್ನ ಹೋಗಿ ಪರಿಚಯ ಮಾಡ್ಕೋರಿ, ನಾನು ಇಂಥವ್ನು, ಈ ಗುಡ್ಡ ನನಗ ಗೊತ್ತು, ರಾತ್ರಿ ಕರೆದ್ರೂ ಬರ್ತೀನಿ ಅಂತ ಹೇಳ್ರಿ. ಈ ಪರಿಚಯ ಬಹಳ ಮುಖ್ಯ, ಯಾಕಂದ್ರ ಘಟನೆ ಆದ ಮ್ಯಾಲ ಗುರುತಿಲ್ಲದ ಹುಡುಗ ಬಂದು ನಾನೂ ಹತ್ತತೀನಿ ಅಂದ್ರ ಯಾರೂ ಬಿಡಂಗಿಲ್ಲ, ಬಿಡಬಾರದು ಕೂಡ.

ಹಗ್ಗದ ಕೆಲಸ ಕಲೀಬೇಕಂದ್ರ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವ್ರು ಶಿಲಾರೋಹಣ ಕೋರ್ಸ್ ನಡೆಸ್ತಾರ. ಅದಕ್ಕೂ ಮುಂದ ಹೋಗೋ ಆಸೆ ಇದ್ರ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ ಐತಿ, 1965ರಾಗ ಶುರುವಾಗಿದ್ದು, ಅಲ್ಲಿ 28 ದಿನದ ಬೇಸಿಕ್, ಅದರಾಗ 'ಎ' ಗ್ರೇಡ್ ಬಂದ್ರ ಅಡ್ವಾನ್ಸ್, ಅದಾದ ಮ್ಯಾಲ ಸರ್ಚ್ ಅಂಡ್ ರೆಸ್ಕ್ಯೂ ಕೋರ್ಸು. ಆದ್ರ ಅಲ್ಲಿ ಹೋಗಿ ಬಂದ್ಮ್ಯಾಲೇ ಉಪಯೋಗಕ್ಕ ಬರ್ತೀನಿ ಅನ್ಕೋಬ್ಯಾಡ್ರಿ. ನಮ್ಮ ಕರೆಗಳಾಗ ಹಗ್ಗ ಬಿಚ್ಚೋದೇ ಅಪರೂಪ. ಅಂಜನಾದ್ರಿಗೆ 575 ಮೆಟ್ಟಿಲು, ಬಿಸಿಲಾಗ ಹತ್ತಿ ತಲಿ ತಿರುಗಿ ಬಿದ್ದೋರನ್ನ, ಎದಿ ಹಿಡಕೊಂಡು ಕುಂತೋರನ್ನ ಸ್ಟ್ರೆಚರ್ ಮ್ಯಾಲ ಇಳಿಸಬೇಕು, ಇಂಥವೇ ಹೆಚ್ಚು. ಆರು ಜನ ಹಿಡೀಬೇಕು, ತಲಿ ಮ್ಯಾಲಕ್ಕ, ಕಾಲು ಮುಂದಕ್ಕ, ತಲಿ ಕಡೆ ನಿಂತವ್ರು ಒಬ್ರೇ ಹುಕುಂ ಕೊಡಬೇಕು, ಉಳಿದವ್ರು ಬಾಯಿ ಮುಚ್ಚಿಕೊಂಡು ಹೆಜ್ಜಿ ಹಾಕಬೇಕು. ಹತ್ತು ಹದಿನೈದು ನಿಮಿಷಕ್ಕ ಕೈ ನಡುಗ್ತಾವ, ಆಗ ಬ್ಯಾರೆ ಆರು ಜನ. ಹಂಗಾಗಿ ಒಬ್ಬರನ್ನ ಇಳಿಸೋಕ ಹದಿನೆಂಟು ಜನ ಇದ್ರೂ ಸಾಲಂಗಿಲ್ಲ. ನಿಮ್ಮ ಜಾಗ ಅಲ್ಲೈತಿ. ಮಿಲ್ಲಿನಾಗ ಚೀಲ ಎತ್ತೋರನ್ನ ದಿನಾ ನೋಡ್ತೀರಿ, ಒಟ್ಟಿಗೆ ಉಸಿರು ಹಿಡಿದು ಒಟ್ಟಿಗೆ ಎತ್ತೋದು ಏನಂತ ನಿಮಗ ನಾನು ಹೇಳಿಕೊಡಬೇಕಾಗಿಲ್ಲ.

ಒಂದು ರಾತ್ರಿ ಮಾತು ಹೇಳ್ತೀನಿ. ಕಳಕೊಂಡ ಆಡು ಹುಡುಕ್ತಾ ಹೋದ ಹುಡುಗ ಕತ್ತಲಾದ್ರೂ ಮನಿಗೆ ಬಂದಿಲ್ಲ ಅಂತ ಕರೆ ಬಂತು. ನಾವು ಹೋಗೋದ್ರೊಳಗ ಊರಿನ ಮೂವತ್ತು ನಲವತ್ತು ಮಂದಿ ಬ್ಯಾಟರಿ ಹಿಡಕೊಂಡು ಗುಡ್ಡಕ್ಕ ಹತ್ತಿಬಿಟ್ಟಿದ್ರು, ಎಲ್ಲಾ ದಿಕ್ಕಿನಿಂದ ಅವನ ಹೆಸರು ಕೂಗ್ತಿದ್ರು, ಅದರಾಗ ಇಬ್ರು ತಾವೇ ದಾರಿ ತಪ್ಪಿದ್ರು, ಹುಡುಗನ್ನ ಬಿಟ್ಟು ಅವ್ರನ್ನ ಹುಡುಕೋದ್ರಾಗ ನಮ್ಮ ಎರಡು ತಾಸು ಹೋತು. ರಾತ್ರಿ ಎರಡರ ಸುಮಾರಿಗೆ ನಾನು ಎಲ್ಲರನ್ನ ಕೆಳಗ ಕರೆಸಿ, ಒಂದು ಸಲ ಹೆಸರು ಕೂಗಿ ಸೀಟಿ ಊದಿ, ಆಮೇಲೆ ಪೂರಾ ಒಂದು ನಿಮಿಷ ಯಾರೂ ಕೆಮ್ಮಬಾರದು ಅಂದೆ. ಮೂರನೇ ಸಲಕ್ಕ ಕೇಳ್ತು, ಕಲ್ಲಿಗೆ ಕಲ್ಲು ಬಡಿಯೋ ಸಪ್ಪಳ, ಟಕ್ ಟಕ್ ಅಂತ. ನಾವು ಗಾಡಿ ನಿಲ್ಲಿಸಿದ್ದ ಜಾಗದಿಂದ ಇನ್ನೂರು ಮೀಟರ್ ಇರಲಿಕ್ಕಿಲ್ಲ, ಎರಡು ಗುಂಡಿನ ನಡುವ ಜಾರಿಬಿದ್ದು ಕಾಲು ಸಿಕ್ಕಿತ್ತು, ಕೂಗಿ ಕೂಗಿ ದನಿ ಹೋಗಿತ್ತು. ಸಂಜೆಯಿಂದ ನಮ್ಮೆಲ್ಲರ ಕೂಗು ಅವನಿಗೆ ಕೇಳಿತ್ತು, ನಮ್ಮ ಗದ್ದಲದಾಗ ಅವನ ಸಪ್ಪಳ ನಮಗ ಕೇಳಲಿಲ್ಲ. ಬಂದ ಕೂಡ್ಲೇ ಎಲ್ಲರನ್ನ ಸುಮ್ನಿರಿಸಬೇಕಿತ್ತು, ನಾನು ತಡ ಮಾಡಿದೆ, ಅದು ಇವತ್ತಿಗೂ ಮನಸಿನ್ಯಾಗ ಐತಿ. ಈಗ ಹೊಸಬರು ಬಂದ್ರ ಮೊದಲನೇ ದಿನ ಗಂಟು ಕಲಿಸಂಗಿಲ್ಲ, ಒಂದು ನಿಮಿಷ ಅಲುಗಾಡದ ನಿಂತು ಕೇಳೋದು ಕಲಿಸ್ತೀನಿ.

ಪ್ರಶ್ನೆ: ಸಂಡೂರಿನವಳು, ನರ್ಸ್ ಆಗಿ ಹದಿನೈದು ವರ್ಷ ಆಯ್ತು. ಮೊಣಕಾಲು ನೋವಿದೆ, ಕುಮಾರಸ್ವಾಮಿ ಗುಡಿ ಕಡೆ ಕಾಡಿಗೆ ಮಳೆಗಾಲದಲ್ಲಿ ಬಹಳ ಜನ ಬರ್ತಾರೆ, ಜಾರಿ ಬಿದ್ದೋರು ಆಸ್ಪತ್ರೆಗೆ ಬರ್ತಾನೇ ಇರ್ತಾರೆ. ಗುಡ್ಡ ಹತ್ತೋಕಾಗದೋಳು ಇಂಥ ಟೀಮಲ್ಲಿ ಇರಬಹುದಾ?

ಉತ್ತರ: ಅಕ್ಕಾವ್ರೆ, ನಿಮ್ಮಂಥವ್ರು ಇಲ್ಲದ ಟೀಮ್ ಅರ್ಧ ಟೀಮ್. ಕೆಳಗ ಬೇಸ್‌ನ್ಯಾಗ ಕುಂತು ಯಾರು ಎಷ್ಟೊತ್ತಿಗೆ ಮ್ಯಾಲ ಹೋದ್ರು, ಯಾವ ಸಂದಿ ನೋಡಿ ಆಯ್ತು, ಕೊನೆಯದಾಗಿ ಆ ಮನುಷ್ಯನ್ನ ಯಾರು ಎಲ್ಲಿ ನೋಡಿದ್ರು, ಬಿಪಿ ಶುಗರ್ ಗುಳಿಗಿ ತಗೋತಿದ್ರಾ, ಚಪ್ಪಲಿ ಎಂಥವು ಹಾಕಿದ್ರು, ಇದನ್ನೆಲ್ಲಾ ಕೇಳಿ ಬರೆಯೋರು ಬೇಕು. ಮನಿಯವ್ರು ಅಳ್ತಾ ಇರ್ತಾರ, ಅವ್ರ ಹತ್ರ ಕುಂತು ಈ ಮಾತು ಹೊರಡಿಸೋದು ನಮ್ಮಂಥ ಒರಟರಿಗೆ ಬರಂಗಿಲ್ಲ, ನೀವು ವಾರ್ಡಿನಾಗ ದಿನಾ ಮಾಡೋ ಕೆಲಸ ಅದು.

ಇನ್ನೊಂದು, ನಮ್ಮ ಹುಡುಗರಿಗೆ ನೀವು ಕಲಿಸ್ರಿ. ಬಿದ್ದವ್ರನ್ನ ನೋಡಿದ ಕೂಡ್ಲೇ ರಟ್ಟಿ ಹಿಡಿದು ಎತ್ತಿ ಕೂಡ್ರಿಸಿ ನೀರು ಕುಡಿಸೋದು ನಮ್ಮ ಮಂದಿ ರೂಢಿ, ಬೆನ್ನುಹುರಿಗೆ ಪೆಟ್ಟಾಗಿದ್ರ ಅಲ್ಲಿಗೆ ಮುಗೀತು, ಎಚ್ಚರ ಇಲ್ಲದವ್ರ ಬಾಯಾಗ ನೀರು ಹಾಕಿದ್ರ ಉಸಿರ್ನಾಳಕ್ಕ ಹೋಗ್ತೈತಿ. ಕುತ್ತಿಗಿ ಅಲುಗಾಡದಂಗ ತಲಿ ಹಿಡಿಯೋದು, ನಾಲ್ಕು ಜನ ಒಟ್ಟಿಗೆ ಹೊರಳಿಸೋದು, ರಕ್ತ ಸೋರೋ ಕಡೆ ಬಟ್ಟೆ ಇಟ್ಟು ಒತ್ತಿ ಹಿಡಿಯೋದು, ಇವು ಮಾತಿನಾಗ ಹೇಳಿದ್ರ ಬರಂಗಿಲ್ಲ, ಕೈ ಹಿಡಿದು ಹತ್ತು ಸಲ ಮಾಡಿಸಬೇಕು. ಹಾವು ಕಡಿದ್ರ ಕೊಯ್ಯೋದು, ಬಿಗಿಯಾಗಿ ಹಗ್ಗ ಕಟ್ಟೋದು ಬಿಡಿಸ್ರಿ, ಕಡಿದ ಕೈಕಾಲು ಅಲುಗಾಡದಂಗ ಇಟ್ಟು ವಿಷಕ್ಕ ಇಂಜೆಕ್ಷನ್ ಇರೋ ಆಸ್ಪತ್ರೆಗೆ ಓಡೋದು ಅಷ್ಟ.

ಬ್ಯಾಸಿಗಿ ವಿಷಯ ಬ್ಯಾರೆಯಾಗೇ ಹೇಳಬೇಕು. ನಮ್ಮ ಜಿಲ್ಲೆಗಳಾಗ ಏಪ್ರಿಲ್ ಮೇದಾಗ 40 ಡಿಗ್ರಿ ದಾಟ್ತೈತಿ, ಬಂಡಿಗಲ್ಲು ಕಾದು ಹೆಂಚಾಗಿರ್ತೈತಿ, ಸಂಜೆ ಆದ್ರೂ ಶಾಖ ಉಗುಳ್ತಿರ್ತೈತಿ. ಬಿದ್ದ ಮನುಷ್ಯ ತೊದಲಕತ್ತಿದ್ರ, ಏನೇನೋ ಮಾತಾಡ್ತಿದ್ರ, ಕುಡಿದಾನ ಅನ್ಕೊಂಡು ಬಿಟ್ಟುಬರೋದನ್ನ ನಾನು ಕಂಡೀನಿ. ಅದು ಹೀಟ್ ಸ್ಟ್ರೋಕ್ ಇರಬಹುದು, ನೆರಳಿಗೆ ಎಳೆದು, ಬಟ್ಟಿ ಸಡಿಲ ಮಾಡಿ, ಮೈತುಂಬ ನೀರು ಹಾಕಿ ಗಾಳಿ ಬೀಸಬೇಕು, ಮೊದಲು ತಂಪು ಮಾಡಿ ಆಮೇಲೆ ಹೊರಬೇಕು. ಇದನ್ನ ನರ್ಸಮ್ಮ ಹೇಳಿದ್ರ ಹುಡುಗರು ಕೇಳ್ತಾರ.

ಪ್ರಶ್ನೆ: ಕೊಪ್ಪಳದಿಂದ ಬರೀತಿದೀನಿ. ಮಗ ಡಿಗ್ರಿ ಕೊನೇ ವರ್ಷ, ರೆಸ್ಕ್ಯೂ ವಾಲಂಟಿಯರ್ ಆಗ್ತೀನಿ ಅಂತಾನೆ. ಅವರಮ್ಮ ಊಟ ಬಿಟ್ಟಿದಾಳೆ. ಇನ್ನೊಬ್ಬರ ಜೀವ ಉಳಿಸೋಕೆ ಹೋಗಿ ಇವನಿಗೇ ಏನಾದ್ರೂ ಆದ್ರೆ?

ಉತ್ತರ: ಯಜಮಾನ್ರೆ, ಆ ತಾಯಿ ಅಂಜಿಕಿ ಸುಳ್ಳಲ್ಲ, ಸಮಾಧಾನದ ಮಾತು ಹೇಳಿ ಮರೆಸೋಕ ನಾನು ಹೋಗಂಗಿಲ್ಲ. 2024ರ ಜೂನ್‌ನ್ಯಾಗ ಉತ್ತರಾಖಂಡದ ಸಹಸ್ರ ತಾಲ್ ಚಾರಣಕ್ಕ ಹೋದ, ಬಹಳಷ್ಟು ನಮ್ಮ ಕರ್ನಾಟಕದವ್ರೇ ಇದ್ದ 22 ಜನರ ತಂಡದಾಗ 9 ಜನ ವಾಪಸ್ ಬರಲಿಲ್ಲ, ಹವಾ ಕೆಟ್ಟು ಹಿಮಗಾಳಿಗೆ ಸಿಕ್ಕಿದ್ರು. ಅನುಭವ ಇದ್ದ ಮಂದಿನೂ ಇದ್ರು ಅದರಾಗ. ಗುಡ್ಡ ಯಾರ ವಯಸ್ಸು, ಯಾರ ಅನುಭವ ನೋಡಂಗಿಲ್ಲ.

ಅದಕ್ಕೇ ಒಳ್ಳೆ ತಂಡದಾಗ ಮೊದಲನೇ ಕಾಳಜಿ ತಮ್ಮ ಜೀವ, ಎರಡನೇದು ಜೊತಿಗಿದ್ದವ್ರ ಜೀವ, ಆಮೇಲೆ ಸಿಕ್ಕಾಕೊಂಡವ್ರು. ಕೇಳೋಕ ಕಲ್ಲುಮನಸ್ಸು ಅನಿಸ್ತೈತಿ, ಆದ್ರ ಇಳಿಸೋಕ ಹೋದವ್ನೇ ಬಿದ್ರ ಇಬ್ಬರನ್ನ ಹೊರಬೇಕಾಗ್ತೈತಿ. ನಿಮ್ಮ ಮಗ ಸೇರೋ ತಂಡದವ್ರನ್ನ ನೀವೇ ಹೋಗಿ ನೋಡ್ರಿ, ಮೂರು ಮಾತು ಕೇಳ್ರಿ. ಇವತ್ತು ಹತ್ತಬ್ಯಾಡ್ರಿ ಅಂತ ಹೇಳೋ ಅಧಿಕಾರ ಯಾರಿಗೈತಿ, ಅಂತಾದ್ದು ಎಂದಾದ್ರೂ ಹೇಳಿದಾರಾ? ಒಬ್ಬೊಬ್ಬರನ್ನೇ ಕಳಿಸ್ತೀರಾ, ಜೋಡಿ ಮಾಡಿ ಕಳಿಸ್ತೀರಾ? ಪೊಲೀಸರಿಗೆ ತಿಳಿಸದ ಹೋಗ್ತೀರಾ? ಮೊದಲನೇ ಪ್ರಶ್ನೆಗೆ ನಕ್ಕು, ನಾವು ಹಿಂದ ಸರಿಯೋ ಮಂದಿ ಅಲ್ಲ ಅಂದ್ರ ಮಗನ್ನ ಕರ್ಕೊಂಡು ಮನಿಗೆ ಬರ್ರಿ.

ನಮ್ಮ ಕಡೆ ಅಪಾಯ ಯಾವುವು ಅಂದ್ರ ಕತ್ತಲು, ಕರಡಿ, ಜೇನು. 1994ರಾಗ ದರೋಜಿ ಕರಡಿಧಾಮ ಮಾಡಿದ್ದು ಸುಮ್ನಲ್ಲ, ಈ ಸೀಮಿ ಗುಂಡುಗಲ್ಲಿನ ಗವಿ ಎಲ್ಲಾ ಕರಡಿ ಮನಿ ಇದ್ದಂಗ. ಹಗಲು ಮಲಗಿ ಹೊತ್ತು ಮುಳುಗಿದ ಮ್ಯಾಲ ಹೊರಗ ಬರ್ತಾವ, ಚಿರತೆನೂ ಅದಾವ, ಗವ್ಯಾಗ ತಲಿ ಹಾಕೋಕ ಮುಂಚೆ ದೂರ ನಿಂತು ಬೆಳಕು ಬಿಡಬೇಕು. ಹೆಜ್ಜೇನು ಬಂಡಿ ಚಾಚಿನ ಕೆಳಗ ಮೊರದಗಲ ಕಟ್ಟಿರ್ತಾವ, ಅದರ ಕೆಳಗ ಕೂಗಬಾರದು, ಹೊಗಿ ಹಾಕಬಾರದು, ಸೆಂಟ್ ಹಾಕ್ಕೊಂಡು ಬಂದವ್ರನ್ನ ನಾನು ವಾಪಸ್ ಕಳಿಸೀನಿ. ಆಪದ ಮಿತ್ರ ತರಬೇತಿ ಆದವ್ರಿಗೆ ವಿಮೆ ಮತ್ತ ಕಿಟ್ ಕೊಡೋ ಯೋಜನೆ ಐತಿ, ನಿಮ್ಮ ಮಗನ ಹೆಸರು ಅದರಾಗ ಬರೋತನಕ ನೀವೇ ಒಂದು ಅಪಘಾತ ವಿಮೆ ಮಾಡಿಸಿಡ್ರಿ. ಅವರಮ್ಮನ್ನ ಒಂದಿನ ನಮ್ಮ ಪ್ರಾಕ್ಟೀಸ್‌ಗೆ ಕರ್ಕೊಂಡು ಬರ್ರಿ, ಹುಡುಗರು ಎಷ್ಟು ಸಲ ಗಂಟು ತಪಾಸಣಿ ಮಾಡ್ತಾರ ನೋಡ್ಲಿ, ಒಬ್ಬ ಕಟ್ಟಿದ ಗಂಟು ಇನ್ನೊಬ್ಬ ಮುಟ್ಟಿ ನೋಡದ ಯಾರೂ ಅಂಚಿಗೆ ಹೋಗಂಗಿಲ್ಲ.

ಪ್ರಶ್ನೆ: ರಾಯಚೂರು ಜಿಲ್ಲೆ ಲಿಂಗಸೂಗೂರು ತಾಲೂಕು. ನಾವು ಐದಾರು ಗೆಳೆಯರು ಸೇರಿ ರೆಸ್ಕ್ಯೂ ಸಾಮಾನು ತಗೋಬೇಕು ಅಂತ ದುಡ್ಡು ಕೂಡಿಸಿದೀವಿ. ಹಗ್ಗ ಯಾವುದು ತಗೊಳ್ಳೋದು?

ಉತ್ತರ: ಹಗ್ಗ ಈಗ ಬ್ಯಾಡ. ಹಾರ್ಡ್‌ವೇರ್ ಅಂಗಡಿ ನೈಲಾನ್ ಹಗ್ಗ ಅಂತೂ ಯಾವತ್ತೂ ಬ್ಯಾಡ, ಗಂಟು ಜಾರ್ತೈತಿ, ಬಂಡಿ ಅಂಚಿಗೆ ತಿಕ್ಕಿದ್ರ ಕಣ್ಣೆದುರೇ ಹರೀತೈತಿ. ರೆಸ್ಕ್ಯೂಗೆ ಬಳಸೋದು 11 ಎಂಎಂ ಸ್ಟ್ಯಾಟಿಕ್ ಹಗ್ಗ, ಅಂದ್ರ ಭಾರ ಬಿದ್ರೂ ಹೆಚ್ಚು ಹಿಗ್ಗದ್ದು, ಅದನ್ನೂ ಅಂಚಿನ ಮ್ಯಾಲ ಗೋಣಿಚೀಲ ಮಡಚಿ ಹಾಸಿಯೇ ಬಿಡ್ತೀವಿ, ಕಲಿಸಿಕೊಟ್ಟವ್ರು ಪಕ್ಕದಾಗ ಇಲ್ಲದ ಅದರ ಮ್ಯಾಲ ಮನುಷ್ಯನ್ನ ಇಳಿಸೋದು ಕೊಲೆ ಮಾಡಿದಂಗ. ದುಡ್ಡಿನಾಗ ತಲಿಗೆ ಕಟ್ಟೋ ಬ್ಯಾಟರಿ ಒಬ್ಬರಿಗೊಂದು, ಜೋಡಿ ಸೆಲ್, ಹೆಲ್ಮೆಟ್, ಸೀಟಿ, ಒಂದು ಮಡಚೋ ಸ್ಟ್ರೆಚರ್ ತಗೋರಿ. ಸೀಟಿ ಲೆಕ್ಕ ಊರ ಹುಡುಗರಿಗೆಲ್ಲಾ ಕಲಿಸ್ರಿ, ನಿಮಿಷಕ್ಕ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತ ಊದಿದ್ರ ಆಪತ್ತು ಅಂತ, ಅದಕ್ಕ ಮೂರು ಸಲ ಊದಿದ್ರ ಕೇಳಿಸ್ತು ಬರಕತ್ತೀವಿ ಅಂತ, ಬ್ರಿಟನ್, ಯುರೋಪಿನ ಆಲ್ಪ್ಸ್ ಗುಡ್ಡದಾಗೂ ಇದೇ ಲೆಕ್ಕ. 112 ಮತ್ತ ಜಿಲ್ಲಾ ಸಹಾಯವಾಣಿ 1077 ಎಲ್ಲರ ಫೋನಿನ್ಯಾಗ ಇರ್ಲಿ.

ಆದ್ರ ನಿಮ್ಮ ತಾಲೂಕಿನವ್ರಿಗೆ ಒಂದು ಮಾತು. ನಿಮಗ ಗುಡ್ಡಕ್ಕಿಂತ ಹೊಳಿ ದೊಡ್ಡದು. ನಾರಾಯಣಪುರ ಡ್ಯಾಮಿನಿಂದ ಕೃಷ್ಣಾಕ್ಕ ನೀರು ಬಿಟ್ಟಾಗೆಲ್ಲಾ ನಡುಗಡ್ಡಿ ಮಂದಿ ಆಚೆ ಸಿಕ್ಕಾಕೋತಾರ, ನೀವೇ ನೋಡೀರಿ. ಹಗ್ಗದ ದುಡ್ಡು ಲೈಫ್ ಜಾಕೆಟ್ಟಿಗೆ ಹಾಕ್ರಿ, ಹರಿಗೋಲು ಹುಟ್ಟು ಹಾಕೋರನ್ನ ನಿಮ್ಮ ಆರು ಜನರ ಜೊತಿಗೆ ಏಳನೇದವ್ರಾಗಿ ಸೇರಿಸ್ಕೋರಿ, ಮಳಿ ಶುರುವಾಗೋಕ ಮುಂಚೆ.