ವಾರ್ಡಿನಿಂದ ಪ್ರಾಡಕ್ಟ್ ಟೀಮಿಗೆ: ಒಬ್ಬ ನರ್ಸ್ ಬರೆದ ಪತ್ರಕ್ಕೆ ಉತ್ತರ

ಆತ್ಮೀಯರೇ,

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ನೀವು ಒಂಬತ್ತು ವರ್ಷದಿಂದ ನರ್ಸ್. ರೋಗಿಗಳ ದಾಖಲೆ ಇಡುವ ಹೊಸ ಸಾಫ್ಟ್‌ವೇರ್ ಆಸ್ಪತ್ರೆಗೆ ಬಂದಾಗ ಅದನ್ನು ಮೊದಲು ಕಲಿತವರು ನೀವು. ಇಡೀ ವಾರ್ಡಿಗೆ ಕಲಿಸಿದ್ದೂ ನೀವೇ. ಎಲ್ಲೆಲ್ಲಿ ಏನು ಸರಿಯಿಲ್ಲ ಅಂತ ಕಂಪನಿಗೆ ಬರೆದು ಕಳಿಸುತ್ತಾ ಹೋದಿರಿ. ಬರೆಯುತ್ತಾ ಬರೆಯುತ್ತಾ, ಇದನ್ನು ರೂಪಿಸುವ ಕೆಲಸವನ್ನೇ ನಾನು ಯಾಕೆ ಮಾಡಬಾರದು ಅನ್ನಿಸಿತು. ಆ ಕೆಲಸ ಮಾಡುವವರನ್ನು ಪ್ರಾಡಕ್ಟ್ ಮ್ಯಾನೇಜರ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. "ಇಂಜಿನಿಯರಿಂಗ್ ಓದಿಲ್ಲ, ಎಂಬಿಎ ಇಲ್ಲ, ಸುಮ್ನೆ ಆಸೆ ಇಟ್ಟುಕೊಳ್ಳಬೇಡ" ಅಂತ ಜೊತೆಯವರು ಹೇಳಿದ್ದಾರೆ. ಸರ್ಟಿಫಿಕೇಟ್ ಕೋರ್ಸ್ ಮಾಡಲೇ, ಈಗಲೇ ಕೆಲಸ ಬಿಡಲೇ, ರೆಸ್ಯೂಮೆಯಲ್ಲಿ ನರ್ಸಿಂಗ್ ಅನುಭವವನ್ನು ಎರಡು ಸಾಲಿಗೆ ಇಳಿಸಲೇ ಅಂತ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಇಳಿಸಬೇಡಿ. ಆ ಒಂಬತ್ತು ವರ್ಷವೇ ನಿಮ್ಮ ಅರ್ಜಿ. ಅದನ್ನು ಮುಚ್ಚಿಟ್ಟರೆ, ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರ ಸಾಲಿನ ಕೊನೆಯಲ್ಲಿ ನಿಂತ ಹಾಗೆ ಆಗುತ್ತದೆ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಗೆ ಮಾತ್ರ ಅರ್ಜಿ ಹಾಕಿ, ಆ ವರ್ಷಗಳನ್ನು ಮೇಲೆಯೇ ಬರೆಯಿರಿ.

ಇನ್ನು ಇಂಜಿನಿಯರಿಂಗ್ ಮಾತು. ಈ ಕೆಲಸ ಹುಟ್ಟಿದ್ದು ಸಾಫ್ಟ್‌ವೇರ್ ಲೋಕದಲ್ಲಿ ಅಲ್ಲವೇ ಅಲ್ಲ. 1931ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಜಾಹೀರಾತು ವಿಭಾಗದಲ್ಲಿದ್ದ ನೀಲ್ ಮೆಕ್‌ಎಲ್‌ರಾಯ್ ಅನ್ನುವವರು ತಮ್ಮ ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು. ಅವರು ನೋಡಿಕೊಳ್ಳುತ್ತಿದ್ದದ್ದು ಕ್ಯಾಮೇ ಸೋಪು. ಅದೇ ಕಂಪನಿಯ ಐವರಿ ಸೋಪಿನ ನೆರಳಿನಲ್ಲಿ ಅದು ಮೇಲೇಳುತ್ತಿರಲಿಲ್ಲ. ಒಂದೊಂದು ಬ್ರ್ಯಾಂಡಿಗೂ ಅದರ ಹೊಣೆ ಪೂರ್ತಿ ಹೊರುವ ಜನ ಬೇಕು, ಅವರು ಅಂಗಡಿಗಳಿಗೆ ಹೋಗಿ ನೋಡಬೇಕು, ಮಾರಾಟ ಎಲ್ಲಿ ಯಾಕೆ ಬಿದ್ದಿದೆ ಅಂತ ಕಂಡುಹಿಡಿಯಬೇಕು ಅನ್ನುವುದು ಅವರ ವಾದ. ಇವತ್ತಿನ ಪ್ರಾಡಕ್ಟ್ ಮ್ಯಾನೇಜರ್ ಕೆಲಸದ ಬೇರು ಅಲ್ಲಿದೆ. ಕಂಪ್ಯೂಟರ್ ಸೈನ್ಸ್ ಬೇಕೇಬೇಕು ಅನ್ನುವ ನಂಬಿಕೆ ಬಹಳ ಆಮೇಲಿನದು. 2002ರಲ್ಲಿ ಗೂಗಲ್ ಶುರು ಮಾಡಿದ ಅಸೋಸಿಯೇಟ್ ಪ್ರಾಡಕ್ಟ್ ಮ್ಯಾನೇಜರ್ ಕಾರ್ಯಕ್ರಮಕ್ಕೆ ಹೆಚ್ಚಾಗಿ ಕಂಪ್ಯೂಟರ್ ಸೈನ್ಸ್ ಓದಿದ ಹೊಸಬರನ್ನೇ ತೆಗೆದುಕೊಂಡರು. ಬೇರೆ ಕಂಪನಿಗಳೂ ಅದನ್ನು ನೋಡಿ ಅದೇ ದಾರಿ ಹಿಡಿದವು.

ಆದರೆ ಅದೇ ಗೂಗಲ್‌ನಲ್ಲಿ ಜಾಹೀರಾತು ಪ್ರಾಡಕ್ಟ್‌ಗಳನ್ನು ಬೆಳೆಸಿದ ಸೂಸನ್ ವೊಜ್‌ಸಿಕಿ ಹಾರ್ವರ್ಡ್‌ನಲ್ಲಿ ಓದಿದ್ದು ಇತಿಹಾಸ ಮತ್ತು ಸಾಹಿತ್ಯ. ಆಫೀಸಿನವರು ಪರಸ್ಪರ ಸಂದೇಶ ಕಳಿಸಿಕೊಳ್ಳುವ ಸ್ಲಾಕ್ ಆ್ಯಪ್ ಕಟ್ಟಿದ ಸ್ಟೂವರ್ಟ್ ಬಟರ್‌ಫೀಲ್ಡ್ ಓದಿದ್ದು ತತ್ವಶಾಸ್ತ್ರ. ಈ ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ. ನಿಮ್ಮ ವಿಷಯದಲ್ಲಿ ಇವು ಅಷ್ಟು ಕೆಲಸಕ್ಕೆ ಬರುವುದಿಲ್ಲ ಅಂತ ನನ್ನ ಅಭಿಪ್ರಾಯ. ಒಬ್ಬರು ಕಂಪನಿ ಇನ್ನೂ ಪುಟ್ಟದಾಗಿದ್ದಾಗ ಒಳಗೆ ಬಂದವರು, ಇನ್ನೊಬ್ಬರು ತಮ್ಮದೇ ಕಂಪನಿ ಕಟ್ಟಿದವರು. ನೂರಾರು ರೆಸ್ಯೂಮೆಗಳ ನಡುವೆ ಅವರದನ್ನು ಯಾರೂ ಜರಡಿ ಹಿಡಿಯಲಿಲ್ಲ. ನಿಮ್ಮದನ್ನು ಹಿಡಿಯುತ್ತಾರೆ. ನಿಮಗೆ ನಿಜವಾಗಿ ಹತ್ತಿರದ ದಾರಿ ಬೇರೆ ಇದೆ, ಮತ್ತು ಅದು ಹೊಸದೇನಲ್ಲ. ನರ್ಸಿಂಗ್ ಕೆಲಸವನ್ನೂ ಕಂಪ್ಯೂಟರ್ ಮಾಹಿತಿ ವ್ಯವಸ್ಥೆಯನ್ನೂ ಜೋಡಿಸುವ ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್ ಅನ್ನುವುದನ್ನು ಅಮೆರಿಕದ ನರ್ಸ್‌ಗಳ ಸಂಘ 1992ರಲ್ಲೇ ಒಂದು ಪ್ರತ್ಯೇಕ ಪರಿಣತಿ ಅಂತ ಒಪ್ಪಿಕೊಂಡಿದೆ. ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಗಳು ತರಬೇತಿ ಕೊಡಲು, ಹೊಸ ಆಸ್ಪತ್ರೆಯಲ್ಲಿ ವ್ಯವಸ್ಥೆ ಕೂರಿಸಲು ನರ್ಸ್‌ಗಳನ್ನು ತೆಗೆದುಕೊಳ್ಳುತ್ತವೆ. ಅಲ್ಲಿಂದ ಪ್ರಾಡಕ್ಟ್ ಟೀಮು ಒಂದು ಬಾಗಿಲಿನ ಆಚೆ ಇರುತ್ತದೆ.

ನಿಮ್ಮ ಪತ್ರದ ಮಧ್ಯೆ ಒಂದು ಸಂಗತಿ ಇದೆ. ನೀವು ಅದನ್ನು ದೂರು ಹೇಳುವ ಹಾಗೆ ಬರೆದು ಮುಂದೆ ಹೋಗಿದ್ದೀರಿ. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ರಾತ್ರಿ ಪಾಳಿಯಲ್ಲಿ ಔಷಧ ಕೊಡುವ ಮುಂಚೆ ರೋಗಿಯ ಕೈಗೆ ಕಟ್ಟಿದ ಬ್ಯಾಂಡಿನ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು. ರೋಗಿ ಮಲಗಿರುತ್ತಾರೆ, ಕೈ ಹೊದಿಕೆಯ ಕೆಳಗೆ ಇರುತ್ತದೆ. ಸ್ಕ್ಯಾನರಿನ ವೈರು ಟ್ರಾಲಿಯಿಂದ ಹಾಸಿಗೆವರೆಗೆ ಬರುವುದಿಲ್ಲ. ಹಾಗಾಗಿ ಕೆಲವರು ಬ್ಯಾಂಡಿನ ಇನ್ನೊಂದು ಪ್ರತಿ ಮುದ್ರಿಸಿ ಟ್ರಾಲಿಗೇ ಅಂಟಿಸಿಕೊಂಡಿದ್ದಾರೆ. ಅದನ್ನೇ ಸ್ಕ್ಯಾನ್ ಮಾಡುತ್ತಾರೆ. ಸ್ಕ್ಯಾನ್ ಬೇಡ ಅಂತ ದಾಟಿಹೋಗಲು ಒಂದು ಬಟನ್ ಕೊಡಿ ಅಂತ ವಾರ್ಡಿನವರು ಕೇಳುತ್ತಿದ್ದಾರೆ.

ಇದರಲ್ಲಿ ಏನೇನಿದೆ ನೋಡಿ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಅಂತ ನೀವು ಮೊದಲ ವರ್ಷವೇ ಕಲಿತಿರುತ್ತೀರಿ. ಟ್ರಾಲಿಗೆ ಅಂಟಿಸಿದ ಬ್ಯಾಂಡು ಇದರಲ್ಲಿ ಮೊದಲನೆಯದನ್ನೇ ಹೊಡೆದುಹಾಕುತ್ತದೆ. ಆದರೆ ಕಂಪನಿಯ ರಿಪೋರ್ಟಿನಲ್ಲಿ ಎಲ್ಲ ಡೋಸೂ ಸ್ಕ್ಯಾನ್ ಆಗಿದೆ ಅಂತಲೇ ಬರುತ್ತದೆ. ಅಂಕಿ ಚೆನ್ನಾಗಿದೆ, ತಪಾಸಣೆ ಸತ್ತುಹೋಗಿದೆ. ಆಫೀಸಿನಲ್ಲಿ ಕೂತವರಿಗೆ ಇದು ಎಂದೂ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಇನ್ನು ಆ ಬಟನ್. ಕೇಳಿದ್ದನ್ನು ಹಾಗೇ ಕೊಟ್ಟರೆ ಅಪಾಯ ಜಾಸ್ತಿಯಾಗುತ್ತದೆ. ಹೊಸ ಎಚ್ಚರಿಕೆ ತೋರಿಸಿದರೆ ಅದನ್ನು ಓದದೇ ಒತ್ತಿ ಮುಂದೆ ಹೋಗುತ್ತಾರೆ, ಈಗಾಗಲೇ ಅಷ್ಟೊಂದು ಎಚ್ಚರಿಕೆ ಬರುತ್ತವೆ ಅಂತ ನೀವೇ ಬರೆದಿದ್ದೀರಿ. ಬಹುಶಃ ವೈರ್ ಇಲ್ಲದ ಸ್ಕ್ಯಾನರ್ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ, ಅದಕ್ಕೆ ಸಾಫ್ಟ್‌ವೇರೇ ಬೇಡ. ಬಹುಶಃ ಬ್ಯಾಂಡಿನ ಒಂದೊಂದು ಪ್ರತಿಗೂ ಬೇರೆ ಬೇರೆ ಕೋಡ್ ಇರಬೇಕು, ಆಗ ಟ್ರಾಲಿಯಲ್ಲಿರುವ ಪ್ರತಿ ಸಿಕ್ಕಿಬೀಳುತ್ತದೆ. ಹಾಗೆ ಮಾಡಿದರೆ ಪಾಳಿಯವರ ಸಿಟ್ಟು ಕಟ್ಟಿಕೊಳ್ಳಬೇಕಾಗುತ್ತದೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು, ಯಾಕೆ? ಇದನ್ನು ಯೋಚಿಸಿ ತೀರ್ಮಾನಿಸುವುದೇ ಪ್ರಾಡಕ್ಟ್ ಮ್ಯಾನೇಜರ್ ಕೆಲಸ. ಯಾವ ದಿನಕ್ಕೆ ಯಾವುದು ಮುಗಿಯಬೇಕು ಅಂತ ನೋಡಿಕೊಳ್ಳುವ ಪ್ರಾಜೆಕ್ಟ್ ಮ್ಯಾನೇಜರ್ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಅರ್ಜಿ ಹಾಕುವವರು ಬಹಳ.

ಈ ಒಂದು ಸಂಗತಿಯನ್ನೇ ಎರಡು ಪುಟ ಬರೆಯಿರಿ. ಯಾರಿಗೆ ತೊಂದರೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ, ನೀವು ಏನನ್ನು ಆರಿಸುತ್ತೀರಿ, ಏನನ್ನು ಬಿಡುತ್ತೀರಿ, ಸರಿಹೋಯಿತು ಅಂತ ಯಾವುದರಿಂದ ತಿಳಿಯುತ್ತದೆ. ರೋಗಿಗಳ ವಿವರ, ಆಸ್ಪತ್ರೆಯ ಹೆಸರು, ಪರದೆಯ ಫೋಟೋ ಒಂದೂ ಬೇಡ. ಸಂದರ್ಶನದಲ್ಲಿ ಕೂತವರು ಇದನ್ನು ಓದಿದರೆ ಡಿಗ್ರಿಯ ಬಗ್ಗೆ ಕೇಳುವುದು ತಾನಾಗಿ ಕಡಿಮೆಯಾಗುತ್ತದೆ. ಸರ್ಟಿಫಿಕೇಟ್ ಈ ಕೆಲಸ ಮಾಡುವುದಿಲ್ಲ. ಟೀಮಿನಲ್ಲಿ ಆಡುವ ಮಾತು ಅರ್ಥವಾಗಲಿ ಅಂತ ಚಿಕ್ಕ ಕೋರ್ಸ್ ಮಾಡಿದರೆ ತಪ್ಪಿಲ್ಲ, ಅದಕ್ಕಾಗಿ ಸಾಲ ಮಾಡಬೇಡಿ. ಆ ಹೊತ್ತಿನಲ್ಲಿ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ, ಕಲಿಯಿರಿ. ಡೇಟಾಬೇಸಿಗೆ ನೀವೇ ಪ್ರಶ್ನೆ ಕೇಳಲು ಬಂದರೆ, ಎರಡು ನಿಮಿಷದ ಒಳಗೆ ಎರಡು ಬೇರೆ ಬೇರೆ ಕೋಣೆಯ ರೋಗಿಗಳ ಸ್ಕ್ಯಾನ್ ಒಂದೇ ಟ್ರಾಲಿಯಿಂದ ಎಷ್ಟು ಸಲ ಆಗಿದೆ ಅಂತ ಹುಡುಕಬಹುದು. ಅಲ್ಲಿ ನಿಮ್ಮ ಅನುಮಾನಕ್ಕೆ ಸಾಕ್ಷಿ ಸಿಗುತ್ತದೆ.

ಸಾಕ್ಷಿ ಯಾಕೆ ಬೇಕು ಅಂದರೆ, ಈ ಹುದ್ದೆಯಲ್ಲಿ ಮ್ಯಾನೇಜರ್ ಅನ್ನುವ ಪದ ಇದ್ದರೂ ಯಾರೂ ನಿಮ್ಮ ಕೈಕೆಳಗೆ ಇರುವುದಿಲ್ಲ. ಇಂಜಿನಿಯರುಗಳಿಗೆ, ಡಿಸೈನರುಗಳಿಗೆ ಆಜ್ಞೆ ಮಾಡುವ ಹಾಗಿಲ್ಲ, ಒಪ್ಪಿಸಬೇಕು. ನಿಮ್ಮ ವೃತ್ತಿಯವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಕ್ರಿಮಿಯನ್ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತರು ಅಂತ ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಬಣ್ಣದ ನಕ್ಷೆ ಬರೆದು ತೋರಿಸಿದರು. ಸೇನೆಯ ಅಧಿಕಾರಿಗಳಿಗೆ ಆಜ್ಞೆ ಮಾಡುವ ಅಧಿಕಾರ ಅವರಿಗೆ ಇರಲಿಲ್ಲ.

ಕಷ್ಟದ ಮಾತನ್ನೂ ಹೇಳಬೇಕು. ಮೊದಲ ಹುದ್ದೆಗೆ ಸಂಬಳ ಈಗಿನದಕ್ಕಿಂತ ಕಡಿಮೆ ಇರಬಹುದು. ನಿಮಗಿಂತ ಚಿಕ್ಕವರ ಕೈಕೆಳಗೆ ಕಲಿಯಬೇಕಾಗಬಹುದು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಮತ್ತು ಅದು ಅನುಭವ ಇರುವವರಿಗೇ ಬರುತ್ತದೆ. ನಿಮ್ಮ ವಾರ್ಡಿನ ಹಾಗೆಯೇ ಎಲ್ಲ ವಾರ್ಡೂ ಅಂತ ಅನ್ನಿಸಿಬಿಡುತ್ತದೆ. ಐಸಿಯುದಲ್ಲಿ, ಮಕ್ಕಳ ವಾರ್ಡಿನಲ್ಲಿ, ಮನೆಗೇ ಹೋಗಿ ಆರೈಕೆ ಮಾಡುವ ಕಡೆ ಕೆಲಸ ನಡೆಯುವ ರೀತಿಯೇ ಬೇರೆ. "ನಾನೇ ನರ್ಸ್, ನನಗೆ ಗೊತ್ತು" ಅಂತ ಒಂದು ಸಲ ಮೀಟಿಂಗಿನಲ್ಲಿ ಹೇಳಿದರೆ ಎದುರಿನವರು ಸುಮ್ಮನಾಗುತ್ತಾರೆ, ಅಷ್ಟಕ್ಕೇ ತಪ್ಪು ತೀರ್ಮಾನವೂ ಆಗಿಹೋಗುತ್ತದೆ. ಹೋಗಿ ನೋಡಿ, ನಿಂತು ಕೇಳಿ. ಇನ್ನೊಂದು, ಎದುರಿಗೆ ಇರುವವರ ನೋವಿಗೆ ತಕ್ಷಣ ಸ್ಪಂದಿಸುವುದು ನಿಮ್ಮ ಅಭ್ಯಾಸ. ಇಲ್ಲಿ ಎದುರಿಗೆ ಕೂತು ಬೇಡುವವರಿಗೆ ಇಲ್ಲ ಅನ್ನಬೇಕಾಗುತ್ತದೆ, ಅವರ ಬೇಡಿಕೆ ನ್ಯಾಯವೇ ಆಗಿದ್ದರೂ. ಇದು ನಿಮ್ಮನ್ನು ನೋಯಿಸುತ್ತದೆ ಅಂತ ನನಗೆ ಅನ್ನಿಸುತ್ತದೆ, ಅದಕ್ಕೇ ಮುಂಚೆಯೇ ಹೇಳುತ್ತಿದ್ದೇನೆ.

ಕೆಲಸ ಈಗಲೇ ಬಿಡಬೇಡಿ. ಆಸ್ಪತ್ರೆಯ ಒಳಗೇ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡ ಇದ್ದರೆ ವಾರದಲ್ಲಿ ಸ್ವಲ್ಪ ಹೊತ್ತು ಅಲ್ಲಿ ಕೆಲಸ ಕೊಡಿ ಅಂತ ಮೇಲ್ವಿಚಾರಕರನ್ನು ಕೇಳಿ. ನೀವು ದೂರು ಬರೆಯುತ್ತಿದ್ದ ಕಂಪನಿಗೆ ನಿಮ್ಮ ಹೆಸರು ಈಗಾಗಲೇ ಗೊತ್ತಿದೆ, ಅಲ್ವಾ? ಮೊದಲ ಪತ್ರ ಅವರಿಗೇ ಹೋಗಲಿ. ಕೆಲಸ ಸಿಕ್ಕಿ ಹೊರಟ ಮೇಲೂ ನರ್ಸಿಂಗ್ ನೋಂದಣಿಯನ್ನು ನವೀಕರಿಸುತ್ತಾ ಇರಿ. ನವೀಕರಣಕ್ಕೆ ಇಷ್ಟು ಗಂಟೆ ಕೆಲಸ ಅಥವಾ ತರಬೇತಿ ಆಗಿರಬೇಕು ಅಂತ ಹಲವು ಕಡೆ ನಿಯಮ ಇರುತ್ತದೆ. ನಿಮ್ಮ ಕೌನ್ಸಿಲ್ಲಿನ ನಿಯಮವನ್ನು ರಾಜೀನಾಮೆ ಕೊಡುವ ಮುಂಚೆಯೇ ಓದಿಟ್ಟುಕೊಳ್ಳಿ.

ಸಂಪಾದಕ