ಕುಲಾವಿಗೂ ಮುಂಚಿನ ಕೆಲಸ

ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿರುವ ಓದುಗರೊಬ್ಬರ ಪತ್ರದ ಆಯ್ದ ಭಾಗ: "ನನಗೆ 34, ಅವರಿಗೆ 37. ಮದುವೆಯಾಗಿ ಆರು ವರ್ಷ. ವೈದ್ಯರು ಐವಿಎಫ್ (ಅಂಡ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣ ಬೆಳೆಸುವ ಚಿಕಿತ್ಸೆ) ಮಾಡಿಸಿಕೊಳ್ಳಿ ಎಂದಿದ್ದಾರೆ. ಮೂರು ತಿಂಗಳು ಬಿಟ್ಟು ಶುರು ಮಾಡೋಣ ಎಂದುಕೊಂಡಿದ್ದೇವೆ. ಅಷ್ಟರಲ್ಲಿ ಏನೇನು ಸಿದ್ಧತೆ ಬೇಕು ಎಂದು ಕೇಳಿದರೆ ಎಲ್ಲರೂ 'ಟೆನ್ಷನ್ ಮಾಡಿಕೊಳ್ಳಬೇಡ' ಎನ್ನುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂದು ಅಕ್ಕ ಬೇರೆ ಗದರಿದಳು. ನನ್ನವರು ಮಾತ್ರ 'ದುಡ್ಡಿನ ಚಿಂತೆ ನನಗೆ ಬಿಡು, ನೀನು ನಿನ್ನ ಆರೋಗ್ಯ ನೋಡಿಕೋ' ಎನ್ನುತ್ತಾರೆ. ನಾನು ಎಲ್ಲಿಂದ ಶುರು ಮಾಡಲಿ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ನಿಮ್ಮವರ ಮಾತಿನ ಹತ್ತಿರ ಬಂದು ನಿಂತೆ. ಆ ಮಾತಿನಲ್ಲಿ ಪ್ರೀತಿ ಇದೆ, ಲೆಕ್ಕ ತಪ್ಪಿದೆ. ದುಡ್ಡು ಅವರ ಪಾಲು, ದೇಹ ನಿಮ್ಮ ಪಾಲು ಎಂದು ಹಂಚಿಕೊಂಡರೆ ಇಬ್ಬರೂ ಒಂಟಿಯಾಗುತ್ತೀರಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ವರ್ಷಗಳ ಹಿಂದೆ ನಾನೂ ನನ್ನ ಗಂಡನೂ ಹೀಗೆಯೇ ಹಂಚಿಕೊಂಡು ಎರಡು ಸುತ್ತು ಚಿಕಿತ್ಸೆ ಮಾಡಿಸಿಕೊಂಡೆವು. ಮಗುವಾಯಿತೇ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆಯಿತು ಎಂದರೆ ನನ್ನ ಮಾತಿಗೆ ಇಲ್ಲದ ತೂಕ ಬರುತ್ತದೆ, ಆಗಲಿಲ್ಲ ಎಂದರೆ ಇರುವ ತೂಕವೂ ಹೋಗುತ್ತದೆ.

ಆರೋಗ್ಯ ನೋಡಿಕೊಳ್ಳುವ ಕೆಲಸ ನಿಮ್ಮವರಿಂದಲೇ ಶುರುವಾಗಲಿ. ಒಂದು ವೀರ್ಯಾಣು ಹುಟ್ಟಿ ಬಲಿಯಲು ಹೆಚ್ಚುಕಡಿಮೆ ಎರಡೂವರೆ ತಿಂಗಳು ಬೇಕು. ಅಂದರೆ ಚಿಕಿತ್ಸೆಯ ದಿನ ಅವರು ಕೊಡುವ ಮಾದರಿ ತಯಾರಾಗಲು ತೊಡಗುವುದು ಈಗ, ಈ ದಿನಗಳಲ್ಲಿ. ಸಿಗರೇಟು ಬಿಡಬೇಕಾದರೆ ಇವತ್ತು ಬಿಡಬೇಕು, ಚಿಕಿತ್ಸೆಯ ಹಿಂದಿನ ವಾರ ಬಿಟ್ಟು ಫಲವಿಲ್ಲ. ಕುಡಿತಕ್ಕೂ ಇದೇ ಮಾತು. ಬಿಸಿನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕೂರುವುದು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಕೆಲಸ ಮಾಡುವುದು ಬೇಡ. ವೃಷಣಗಳಿಗೆ ಶಾಖ ಆಗದು. ಜೋರು ಜ್ವರ ಬಂದುಹೋಗಿದ್ದರೆ ವೈದ್ಯರಿಗೆ ತಿಳಿಸಲಿ, ಅದರ ಪರಿಣಾಮ ವಾರಗಳ ನಂತರ ವೀರ್ಯದಲ್ಲಿ ಕಾಣಿಸಿಕೊಳ್ಳಬಹುದು. ಇನ್ನೊಂದನ್ನು ತುಸು ಒತ್ತಿ ಹೇಳುತ್ತೇನೆ. ಮೈಕಟ್ಟಿಗೆಂದೋ ಸುಸ್ತಿಗೆಂದೋ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಿದ್ದರೆ ತಕ್ಷಣ ವೈದ್ಯರ ಮುಂದೆ ಬಾಯಿ ಬಿಡಬೇಕು. ಗಂಡಸುತನ ಹೆಚ್ಚಿಸುತ್ತದೆ ಎಂದು ನಂಬಿ ತೆಗೆದುಕೊಳ್ಳುವ ಆ ಹಾರ್ಮೋನು ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲದು, ಮತ್ತೆ ದಾರಿಗೆ ಬರಲು ತಿಂಗಳುಗಳೇ ಬೇಕಾಗಬಹುದು.

ಇನ್ನು ನಿಮ್ಮ ಪಾಲು. ಫೋಲಿಕ್ ಆಮ್ಲವನ್ನು ಇವತ್ತೇ ಶುರು ಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ. ಸಕ್ಕರೆ ಕಾಯಿಲೆಯೋ ಮೂರ್ಛೆರೋಗದ ಮಾತ್ರೆಯೋ ಇದ್ದರೆ ಹೆಚ್ಚಿನ ಪ್ರಮಾಣ ಬೇಕಾಗಬಹುದು, ಕೇಳಿಕೊಳ್ಳಿ. ರುಬೆಲ್ಲಾ (ಗರ್ಭಿಣಿಗೆ ತಗುಲಿದರೆ ಮಗುವಿಗೆ ಅಪಾಯ ತರುವ ಸೋಂಕು) ನಿರೋಧಕ ಶಕ್ತಿ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಲಸಿಕೆ ಹಾಕಿಸಿಕೊಳ್ಳಬೇಕಾದರೆ ಆಮೇಲೆ ಒಂದು ತಿಂಗಳು ಗರ್ಭ ನಿಲ್ಲಬಾರದು, ಆದ್ದರಿಂದ ಅದು ಕೊನೆಯ ಗಳಿಗೆಯ ಕೆಲಸವಾಗದು. ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ, ಹಿಮೋಗ್ಲೋಬಿನ್ ಹೇಗೂ ನೋಡುತ್ತಾರೆ. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆ, ಪುಡಿ, ಕಷಾಯಗಳ ಪಟ್ಟಿ ಒಯ್ಯಿರಿ, ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ತೂಕ ಇಳಿಸಬೇಕಾದರೆ ನಿಧಾನವಾಗಿ ಇಳಿಸಿ, ಉಪವಾಸ ಬಿದ್ದು ಬೇಡ.

ಎಎಂಎಚ್ ಎಂಬ ಪರೀಕ್ಷೆಯ ಅಂಕಿ ನೋಡಿ ಎಷ್ಟೋ ಜನ ಕುಸಿದುಹೋಗುತ್ತಾರೆ. ಅಂಡಾಶಯದಲ್ಲಿ ಅಂಡಗಳ ದಾಸ್ತಾನು ಎಷ್ಟಿದೆ, ಅಂಡ ಬೆಳೆಸುವ ಇಂಜೆಕ್ಷನ್ನಿಗೆ ಅದು ಹೇಗೆ ಸ್ಪಂದಿಸಬಹುದು ಎಂಬುದನ್ನಷ್ಟೇ ಅದು ಹೇಳುತ್ತದೆ. ಅಂಡದ ಗುಣವನ್ನು ಹೆಚ್ಚಾಗಿ ತೀರ್ಮಾನಿಸುವುದು ವಯಸ್ಸು. ಅದಕ್ಕೇ ಮೂರು ತಿಂಗಳ ತಯಾರಿಯನ್ನು ಒಂದು ವರ್ಷಕ್ಕೆ ಎಳೆಯಬೇಡಿ.

ಚಿಕಿತ್ಸೆಯ ದಾರಿ ಗೊತ್ತಿದ್ದರೆ ಮನಸ್ಸಿನ ಅರ್ಧ ತಯಾರಿ ಆದಂತೆ. ಎಂಟರಿಂದ ಹದಿನಾಲ್ಕು ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್. ಕೊನೆಯ ಇಂಜೆಕ್ಷನ್ ಕೊಟ್ಟು 34ರಿಂದ 36 ಗಂಟೆಯೊಳಗೆ ಅಂಡ ಹೊರತೆಗೆಯುತ್ತಾರೆ. ಅಲ್ಲಿಂದ ಮುಂದೆ ಕೆಲವು ದಿನ ಕೆಲಸವೆಲ್ಲ ಲ್ಯಾಬಿನಲ್ಲಿ, ನಿಮಗೆ ಸುದ್ದಿ ಬರುವುದು ಫೋನಿನಲ್ಲಿ. ನನಗೆ ಹನ್ನೆರಡು ಅಂಡ ಸಿಕ್ಕವು ಎಂದಾಗ ಹನ್ನೆರಡು ಮಕ್ಕಳೇ ಸಿಕ್ಕಷ್ಟು ಹಿಗ್ಗಿದ್ದೆ. ಮರುದಿನ ಬೆಳಿಗ್ಗೆ ಲ್ಯಾಬಿನ ಹುಡುಗಿ ಫೋನ್ ಮಾಡಿದಳು: ಬಲಿತದ್ದು ಒಂಬತ್ತು, ಫಲಿತವಾದದ್ದು ಆರು. ಕೈಗೆ ಸಿಕ್ಕ ವಿದ್ಯುತ್ ಬಿಲ್ಲಿನ ಹಿಂದೆ 12 ಬರೆದು ಹೊಡೆದುಹಾಕಿ 9 ಬರೆದೆ, ಅದನ್ನೂ ಹೊಡೆದು 6 ಬರೆದೆ. ಐದನೆಯ ದಿನದವರೆಗೆ ಬೆಳೆದ ಭ್ರೂಣ ಎರಡೇ, ಅದರ ಕೆಳಗೆ 2 ಬಂತು. ಯಾರೋ ಏನೋ ತಪ್ಪು ಮಾಡಿದ್ದಾರೆ ಎಂದು ಆ ರಾತ್ರಿಯೆಲ್ಲ ಹಲ್ಲು ಕಡಿದೆ. ಯಾರೂ ಮಾಡಿರಲಿಲ್ಲ. ಪ್ರತಿ ಮೆಟ್ಟಿಲಲ್ಲೂ ಲೆಕ್ಕ ಇಳಿಯುವುದು ಈ ಚಿಕಿತ್ಸೆಯ ರೂಢಿ, ನನಗೆ ಯಾರೂ ಮೊದಲೇ ಹೇಳಿರಲಿಲ್ಲ ಅಷ್ಟೇ. ಅಂದ ಹಾಗೆ, ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಹುಟ್ಟಿದ್ದು, ಯಾವ ಉತ್ತೇಜಕ ಇಂಜೆಕ್ಷನ್ನೂ ಇಲ್ಲದೆ ಸಿಕ್ಕ ಒಂದೇ ಒಂದು ಅಂಡದಿಂದ.

'ಟೆನ್ಷನ್ ಮಾಡಿಕೊಳ್ಳಬೇಡ' ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಖಾರ. ಹದಿನಾಲ್ಕು ಅಧ್ಯಯನಗಳ, ಮೂರೂವರೆ ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಚಿಕಿತ್ಸೆಗೆ ಮುಂಚಿನ ಆತಂಕಕ್ಕೂ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. ಆದ್ದರಿಂದ ಅಳು ಬಂದರೆ ಅಳಿ. ಅತ್ತಿದ್ದಕ್ಕೇ ಹೀಗಾಯಿತು ಎಂಬ ಅಪವಾದವನ್ನು ಯಾರ ಬಾಯಿಂದಲೂ ಕೇಳಿಸಿಕೊಳ್ಳಬೇಡಿ, ನಿಮ್ಮ ಬಾಯಿಂದ ಕೂಡ. ಮನಸ್ಸನ್ನು ನೋಡಿಕೊಳ್ಳಬೇಕಾದದ್ದು ಫಲಿತಾಂಶಕ್ಕಾಗಿಯಲ್ಲ, ಆ ದಿನಗಳನ್ನು ದಾಟುವುದಕ್ಕಾಗಿ.

ದಾಟಲು ಕಷ್ಟವಾದ ದಿನಗಳು ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದ ಮೇಲಿನವು. ರಕ್ತ ಪರೀಕ್ಷೆಗೆ ಸುಮಾರು ಎರಡು ವಾರ ಕಾಯಬೇಕು. ಆಗ ಕೊಡುವ ಪ್ರೊಜೆಸ್ಟೆರಾನ್ ಹಾರ್ಮೋನಿನಿಂದಲೇ ಎದೆ ನೋಯುತ್ತದೆ, ಹೊಟ್ಟೆ ಉಬ್ಬುತ್ತದೆ; ಮೈಯ ಸೂಚನೆ ಓದಲು ಹೋದರೆ ಔಷಧಿಯನ್ನು ಓದಿದ ಹಾಗೆ. ಮನೆಯಲ್ಲೇ ಅವಸರದಿಂದ ಪರೀಕ್ಷೆ ಮಾಡಿಕೊಂಡರೆ, ಅಂಡ ತೆಗೆಯುವ ಮುಂಚೆ ಕೊಟ್ಟಿದ್ದ, ಆ ಪರೀಕ್ಷೆ ಹುಡುಕುವ ಹಾರ್ಮೋನೇ ಆದ ಎಚ್‌ಸಿಜಿ ಇಂಜೆಕ್ಷನ್ನಿನ ಉಳಿಕೆಯೇ ಎರಡು ಗೆರೆ ತೋರಿಸಬಹುದು. ಫಲಿತಾಂಶದ ಫೋನನ್ನು ಯಾರು ಎತ್ತುತ್ತೀರಿ, ಆಗ ಎಲ್ಲಿರುತ್ತೀರಿ ಎಂದು ಮೊದಲೇ ಮಾತಾಡಿಕೊಳ್ಳಿ. ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ, ಹತ್ತು ನಿಮಿಷಕ್ಕೆ ಸಭೆ ಇತ್ತು. ಯಾರಿಗೆ ಹೇಳಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ಶುರುವಾದದ್ದನ್ನು ಯಾರಿಗೆ ಹೇಳುತ್ತೀರೋ ಆಗದಿದ್ದರೆ ಅವರಿಗೆಲ್ಲ ಒಬ್ಬೊಬ್ಬರಿಗೇ ಅದನ್ನೂ ಹೇಳಬೇಕಾಗುತ್ತದೆ.

ನಿಮ್ಮವರಿಗೂ ಒಂದು ಭಯ ಇರುತ್ತದೆ, ಅವರು ಹೇಳುವುದಿಲ್ಲ. ಅಂಡ ತೆಗೆಯುವ ದಿನ ಮಾದರಿ ಕೊಡಲು ಆಗದೇ ಹೋದರೆ ಎಂಬ ಭಯ. ಮೊದಲೇ ಒಂದು ಮಾದರಿ ಶೈತ್ಯೀಕರಿಸಿ ಇಡಿಸಬಹುದು. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ.

ದುಡ್ಡಿನ ವಿಷಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ; ಇಲ್ಲಿ ಕಾಲು ಎಷ್ಟು ಉದ್ದ ಎಂಬುದೇ ಕಂತು ಕಂತಾಗಿ ತಿಳಿಯುತ್ತದೆ. ಆಸ್ಪತ್ರೆಯವರು ಮೊದಲು ಹೇಳುವ ಮೊತ್ತದಲ್ಲಿ ಇಂಜೆಕ್ಷನ್ ಸೇರಿದೆಯೇ ಕೇಳಿ. ಡೋಸು ಒಬ್ಬೊಬ್ಬರಿಗೆ ಒಂದೊಂದು, ಆದ್ದರಿಂದ ಹಲವು ಕಡೆ ಅದರ ಬಿಲ್ಲೇ ಬೇರೆ. ಅರಿವಳಿಕೆ, ಇಕ್ಸಿ (ಒಂದು ಅಂಡದೊಳಕ್ಕೆ ಒಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ವಿಧಾನ), ಭ್ರೂಣದ ಶೈತ್ಯೀಕರಣ, ಅದನ್ನು ವರ್ಷವರ್ಷವೂ ಇಟ್ಟುಕೊಳ್ಳುವ ಬಾಡಿಗೆ, ಆಮೇಲೆ ಅದನ್ನು ಗರ್ಭಕೋಶಕ್ಕೆ ಸೇರಿಸುವ ಖರ್ಚು, ಇಷ್ಟನ್ನೂ ಬರಹದಲ್ಲಿ ಪಡೆಯಿರಿ. ಅಂಡ ಬೆಳೆಯದೆ ಸುತ್ತನ್ನು ಅರ್ಧಕ್ಕೆ ನಿಲ್ಲಿಸಿದರೆ ಎಷ್ಟು ವಾಪಸು ಎಂದೂ ಕೇಳಿ. ಯಶಸ್ಸಿನ ಶೇಕಡಾವಾರು ಹೇಳಿದರೆ, ಯಾವುದರ ಶೇಕಡಾ ಎಂದು ತಿರುಗಿ ಕೇಳಿ: ಪರೀಕ್ಷೆಯಲ್ಲಿ ಗರ್ಭ ಕಂಡದ್ದೋ, ಜೀವಂತ ಮಗು ಹುಟ್ಟಿದ್ದೋ? ಚಿಕಿತ್ಸೆ ಶುರು ಮಾಡಿದವರಲ್ಲೋ, ಭ್ರೂಣ ಸೇರಿಸುವ ಹಂತದವರೆಗೆ ಬಂದವರಲ್ಲಿ ಮಾತ್ರವೋ? ಒಂದೇ ಆಸ್ಪತ್ರೆಯ ಅಂಕಿ ಈ ಪ್ರಶ್ನೆಗಳ ಮುಂದೆ ಗಣನೀಯವಾಗಿ ಇಳಿಯುತ್ತದೆ. ಇವುಗಳ ಮೇಲೆ ಹೆಚ್ಚುವರಿಯಾಗಿ ಸೇರಿಸುವ ವಿಶೇಷ ಸೇವೆಗಳಲ್ಲಿ ಹಲವಕ್ಕೆ ಗಟ್ಟಿ ಪುರಾವೆ ಇರುವುದಿಲ್ಲ. ನಮ್ಮಂಥವರಿಗೆ ಇದರಿಂದ ಮಗು ಹುಟ್ಟುವ ಸಾಧ್ಯತೆ ಹೆಚ್ಚುತ್ತದೆಯೇ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ಒಂದೇ ಸುತ್ತಿಗೆ ಎಂದು ದುಡ್ಡು ಹೊಂದಿಸಬೇಡಿ, ಮೊದಲ ಸುತ್ತಿಗೇ ಎಲ್ಲರಿಗೂ ಆಗುವುದಿಲ್ಲ. ಎಷ್ಟು ಸುತ್ತು, ಎಷ್ಟು ಸಾಲ, ಯಾವ ಉಳಿತಾಯವನ್ನು ಮುಟ್ಟಬಾರದು ಎಂಬುದನ್ನು ಇಬ್ಬರೂ ಕೂತು ಈಗ ಬರೆದಿಡಿ. ಬೇಕಾದರೆ ಆಮೇಲೆ ತಿದ್ದಿ. ಆದರೆ ಸೋತ ಸುತ್ತಿನ ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಮೊದಲ ಸಲ ಆ ಲೆಕ್ಕ ಮಾಡುವಂತಾಗಬಾರದು. ಅಲ್ಲಿ ನಾವು ಮಾಡಿದ ಲೆಕ್ಕದ ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು.

ಇದು ಕುಲಾವಿಯಲ್ಲ ಎಂದು ಅಕ್ಕನಿಗೆ ಹೇಳಿ. ಹಾಗೆಯೇ, ನಿಮ್ಮ ಪತ್ರ ಮೂರು ಪುಟ ಇತ್ತು, ನಿಮ್ಮ ಪರೀಕ್ಷೆಗಳ ವಿವರ ಎರಡು ಪುಟ ತುಂಬಿತ್ತು. ನಿಮ್ಮವರ ವೀರ್ಯ ಪರೀಕ್ಷೆ ಯಾವಾಗ ಆಯಿತು, ಏನು ಬಂತು ಎಂದು ಎಲ್ಲಿಯೂ ಒಂದು ಸಾಲು ಇರಲಿಲ್ಲ. ನೀವು ಶುರು ಮಾಡಬೇಕಾದದ್ದು ಅಲ್ಲಿಂದ, ಈ ವಾರವೇ.